ಚಮಚ ಬೀಳಿಸಿ ಬಗ್ಗಿ ನೋಡುವ ವಯಸ್ಸು: ಊಟದ ಹೊತ್ತಿನ ಆಟಗಳಿಗೆ ಕಾರಣ, ಉಪಾಯ

ತಟ್ಟೆಲೋಟ:
ದಿನವಿಡೀ ಮುದ್ದಾಗಿರುವ ಮಗು ತಟ್ಟೆ ಮುಂದೆ ಕೂತ ತಕ್ಷಣ ಬೇರೆಯೇ ಆಸಾಮಿ. ಚಮಚ ಬೀಳಿಸಿ ಬಗ್ಗಿ ನೋಡುತ್ತದೆ, “ಬೇಡ” ಅನ್ನುತ್ತಲೇ ಬಾಯಿ ತೆರೆಯುತ್ತದೆ, ಮೊಸರನ್ನವನ್ನು ತಲೆಗೆ ಎಣ್ಣೆ ಹಚ್ಚಿಕೊಂಡ ಹಾಗೆ ಹಚ್ಚಿಕೊಳ್ಳುತ್ತದೆ. “ನಮ್ಮನೇಲಿ ಏನಾಯ್ತು ಗೊತ್ತಾ” ಕಥೆಗಳಿಗೆ ಬೇರೆ ಚರ್ಚೆಯ ಎಳೆ ಇದೆ, ನಗಬೇಕಿದ್ದವರು ಅಲ್ಲಿಗೆ ಹೋಗಿ. ಇಲ್ಲಿ ಆರು ತಿಂಗಳಿಂದ ಮೂರು ವರ್ಷದ ಒಳಗಿನ ಈ ಆಟಗಳು ಯಾಕೆ, ಏನು ಮಾಡಿದರೆ ಊಟ ಸಾಗುತ್ತದೆ, ಏನು ಮಾಡಿದರೆ ಕೆಡುತ್ತದೆ ಅನ್ನುವುದಷ್ಟೇ ಇರಲಿ. ಅಳತೆ ಇದ್ದರೆ ಅಳತೆ ಸಮೇತ ಬರೆಯಿರಿ.

ಚಮಚದಿಂದಲೇ ಶುರು ಮಾಡುತ್ತೇನೆ. ಮಗುವಿಗೆ ಹಿಡಿಯುವುದು ಬೇಗ ಬರುತ್ತದೆ, ಹಿಡಿದದ್ದನ್ನು ತಾನಾಗಿ ಬಿಡುವುದು ತಡ. ಬಿಡುವ ಕಲೆ ಕೈಗೆ ಬರುವುದು ಹೆಚ್ಚುಕಡಿಮೆ 9ರಿಂದ 12 ತಿಂಗಳ ನಡುವೆ. ಕಣ್ಣಿಗೆ ಕಾಣದ ವಸ್ತುವೂ ಎಲ್ಲೋ ಇರುತ್ತದೆ ಅನ್ನುವ ತಿಳಿವಳಿಕೆ ಗಟ್ಟಿಯಾಗುವುದೂ ಆಗಲೇ. ಎರಡೂ ಸೇರಿದರೆ ಏನಾಗಬೇಕು? ಬೀಳಿಸು, ಸದ್ದು ಕೇಳು, ಬಗ್ಗಿ ನೋಡು, ದೊಡ್ಡವರು ಎತ್ತಿಕೊಡುತ್ತಾರಾ ಪರೀಕ್ಷಿಸು. ಅದರಲ್ಲಿ ಹಟವೂ ಇಲ್ಲ, ಊಟ ಬೇಡ ಅನ್ನುವ ಅರ್ಥವೂ ಇಲ್ಲ.

ಕೆಲಸಕ್ಕೆ ಬರುವುದು ಇದು: ಎರಡು ಚಮಚ ಇಟ್ಟುಕೊಳ್ಳಿ, ಒಂದು ಮಗುವಿನ ಕೈಗೆ, ಒಂದು ನಿಮ್ಮ ಕೈಗೆ. ಬಿದ್ದದ್ದನ್ನು ಎರಡು ಸಲ ಎತ್ತಿಕೊಡಿ. ಮೂರನೇ ಸಲ ಬಿದ್ದರೆ ಅದು ಸಿಂಕಿಗೆ; ಬೈಗುಳ ಬೇಡ, ಭಾಷಣ ಬೇಡ. ಎತ್ತಿಕೊಡುವಾಗ ಮುಖದಲ್ಲಿ ನಗು, ಸಿಟ್ಟು ಎರಡೂ ಇರಬಾರದು. ಎರಡೂ ಮಗುವಿಗೆ ಬಹುಮಾನವೇ. (ನಗು ಬಂದೇ ಬರುತ್ತದೆ, ಅದಕ್ಕೇ ಆ ಕಡೆ ತಿರುಗಿ ಎತ್ತಿ.) ಚಮಚಕ್ಕೆ ದಾರ ಕಟ್ಟಿ ಕುರ್ಚಿಗೆ ಬಿಗಿಯುವ ಉಪಾಯ ಮಾತ್ರ ಬೇಡವೇ ಬೇಡ, ಕುತ್ತಿಗೆಗೆ ಸುತ್ತಿಕೊಳ್ಳುವ ಅಪಾಯ.

ಬೇಳೆಕಟ್ಟು:
ಒಂದು ವರ್ಷ ದಾಟಿದ ಮೇಲೆ ಬರುವ “ಮಗು ಏನೂ ತಿಂತಿಲ್ಲ” ದೂರಿನ ಹಿಂದಿನ ಲೆಕ್ಕವನ್ನು ಮೊದಲು ಹೇಳಿಬಿಡೋಣ. ಹುಟ್ಟಿದಾಗಿನ ತೂಕ ಒಂದು ವರ್ಷಕ್ಕೆ ಸುಮಾರು ಮೂರು ಪಟ್ಟು ಆಗುತ್ತದೆ. ಅಂದರೆ 3 ಕಿಲೋ ಇದ್ದದ್ದು 9 ಕಿಲೋ. ಆದರೆ ಎರಡನೇ ವರ್ಷ ಪೂರ್ತಿ ಸೇರುವುದು ಎರಡರಿಂದ ಎರಡೂವರೆ ಕಿಲೋ ಮಾತ್ರ. ಬೆಳೆಯುವ ವೇಗವೇ ಅರ್ಧಕ್ಕಿಂತ ಕೆಳಗೆ ಇಳಿದಾಗ ಹಸಿವು ಹೇಗೆ ಮೊದಲಿನಷ್ಟೇ ಇರುತ್ತೆ? ಅದೇ ಹೊತ್ತಿಗೆ ನಡಿಗೆ ಬಂದಿರುತ್ತೆ, ಕೂರಲು ಪುರುಸೊತ್ತಿಲ್ಲ.

ಅಳತೆ: ಆರು ತಿಂಗಳು ತುಂಬಿದಾಗ 2–3 ದೊಡ್ಡ ಚಮಚದಿಂದ ಶುರು. 8 ತಿಂಗಳ ಹೊತ್ತಿಗೆ 250 ಮಿಲಿ ಬಟ್ಟಲಿನಲ್ಲಿ ಅರ್ಧದವರೆಗೆ, ದಿನಕ್ಕೆ 2–3 ಸಲ. 9–11 ತಿಂಗಳಿಗೆ ಅರ್ಧ ಬಟ್ಟಲು, 3–4 ಸಲ. ಒಂದರಿಂದ ಎರಡು ವರ್ಷಕ್ಕೆ ಮುಕ್ಕಾಲರಿಂದ ಒಂದು ಬಟ್ಟಲು, 3–4 ಊಟ, ನಡುವೆ ಒಂದೆರಡು ಸಣ್ಣ ತಿಂಡಿ. ಜೊತೆಗೆ ಎದೆಹಾಲು ಎರಡು ವರ್ಷದವರೆಗೆ, ಬೇಕಿದ್ದರೆ ಆಮೇಲೂ. ಒಂದು ಹೊತ್ತಿಗೆ ನಾಲ್ಕೇ ತುತ್ತು ಉಂಡು ಇನ್ನೊಂದು ಹೊತ್ತಿಗೆ ಇಡೀ ಬಟ್ಟಲು ಖಾಲಿ ಮಾಡುವುದು ಈ ವಯಸ್ಸಿನ ಸಹಜ ರೀತಿ, ಆದ್ದರಿಂದ ಒಂದು ಊಟ ನೋಡಿ ಗಾಬರಿಯಾಗಬೇಡಿ, ಒಂದು ವಾರ ನೋಡಿ. ತಾಯಿ ಕಾರ್ಡಿನ ಹಿಂದೆ ಬೆಳವಣಿಗೆಯ ಗೆರೆ ಇದೆಯಲ್ಲ, ಅದು ತನ್ನ ದಾರಿಯಲ್ಲೇ ಮೇಲೇರುತ್ತಿದ್ದರೆ ತಟ್ಟೆಯಲ್ಲಿ ಮಿಕ್ಕಿದ್ದಕ್ಕೆ ಕೊರಗಬೇಕಿಲ್ಲ. ಗೆರೆ ಅಡ್ಡಕ್ಕೆ ಮಲಗಿದರೆ ಅಥವಾ ಕೆಳಗೆ ಜಾರಿದರೆ ಮಾತ್ರ ಡಾಕ್ಟರಿಗೆ ತೋರಿಸಿ.

ಹಾಲು ನೋಡಿಕೊಳ್ಳಿ. ಒಂದು ವರ್ಷದ ಮೇಲೆ ಹಸುವಿನ ಹಾಲು ದಿನಕ್ಕೆ 400–500 ಮಿಲಿ ಮೀರಿದರೆ ಹೊಟ್ಟೆ ಅದರಲ್ಲೇ ತುಂಬುತ್ತದೆ, ಊಟಕ್ಕೆ ಜಾಗ ಇಲ್ಲ, ಕಬ್ಬಿಣದ ಅಂಶ ಕಮ್ಮಿಯಾಗುತ್ತದೆ. “ಊಟ ಮಾಡ್ಲಿಲ್ಲ, ಪಾಪ ಹಾಲಾದ್ರೂ ಕುಡೀಲಿ” ಅಂತ ಬಾಟಲಿ ಕೊಟ್ಟರೆ ನಾಳೆ ಊಟ ಇನ್ನೂ ಕಮ್ಮಿ.

ನನ್ನ ಹೆಸರಿಗೇ ವಿರುದ್ಧವಾದ ಮಾತು ಒಂದಿದೆ. ಬೇಳೆ ಕಟ್ಟು ಶಕ್ತಿ ಅನ್ನೋದು ತಪ್ಪು. ಕಟ್ಟಿನಲ್ಲಿ ನೀರೇ ಜಾಸ್ತಿ, ಪ್ರೋಟೀನು ತಳದ ಬೇಳೆಯಲ್ಲಿ ಉಳಿದಿರುತ್ತದೆ. ಸಾರಿಗೆ ಹುಳಿ, ಖಾರ, ಉಪ್ಪು ಬೀಳುವ ಮುಂಚೆ ಎರಡು ಚಮಚ ಬೆಂದ ತೊಗರಿಬೇಳೆಯನ್ನೇ ತೆಗೆದು ಮಸೆದು ಅನ್ನಕ್ಕೆ ಕಲಸಿ, ಅರ್ಧ ಚಮಚ ತುಪ್ಪ ಹಾಕಿ.

ಕಡಲತಡಿ:
ಹಾಗಾದರೆ ರಾಗಿ ವಿಷಯವನ್ನೂ ಯಾರಾದರೂ ಬಿಡಿಸಿ ಹೇಳಿ ಮಾರಾಯ್ರೆ. ಘಟ್ಟದ ಮೇಲಿನವರು ಮಗುವಿನ ರಾಗಿ ಗಂಜಿಗೆ “ಸರಿ” ಅಂತಾರೆ, ಹಿಟ್ಟು ಮಾಡಿಟ್ಟುಕೊಳ್ಳುತ್ತಾರೆ. ನಮ್ಮಲ್ಲಿ ರಾತ್ರಿ ನೆನೆಸಿ, ಬೆಳಿಗ್ಗೆ ಅರೆದು, ಬಟ್ಟೆಯಲ್ಲಿ ಹಿಂಡಿ, ಆ ಹಾಲು ಕಾಯಿಸಿ ಮಣ್ಣಿ. ನುಣ್ಣಗೆ ಇರ್ತದೆ, ಮಗುವಿಗೆ ಖುಷಿ. ಯಾವುದು ಒಳ್ಳೆಯದು?

ಬಯಲುಸೀಮೆ_ರಾಗಿ:
ಎರಡೂ ಒಳ್ಳೆಯದು, ಆದರೆ ಎರಡೂ ಒಂದೇ ಅಲ್ಲ. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದರಲ್ಲಿ ದೊಡ್ಡ ಪಾಲು ಸಿಪ್ಪೆಯಲ್ಲಿ. ಬಟ್ಟೆಯಲ್ಲಿ ಹಿಂಡಿ ಚರಟ ಚೆಲ್ಲಿದರೆ ಆ ಪಾಲಿನ ಜೊತೆ ನಾರೂ ಹೋಯಿತು. ಶುರುವಿನ ಒಂದೆರಡು ವಾರ ಮಣ್ಣಿ ಸುಲಭ, ಆಮೇಲೆ ಪೂರ್ತಿ ಹಿಟ್ಟಿಗೆ ಬನ್ನಿ. ಮಣ್ಣಿಗೆ ಬೆಲ್ಲ ಹಾಕುವುದಿದ್ದರೆ ಒಂದು ವರ್ಷ ಕಳೆಯಲಿ, ಸಾಧ್ಯವಾದರೆ ಎರಡು.

ಹಿಟ್ಟು ಮಾಡುವ ಕ್ರಮ. ಅರ್ಧ ಕಿಲೋ ರಾಗಿ. ನಾಲ್ಕೈದು ನೀರಿನಲ್ಲಿ ತೊಳೆದು, ಕೊನೆಗೆ ಬಟ್ಟಲು ಓಲಾಡಿಸಿ ಮೇಲಿನ ರಾಗಿಯನ್ನಷ್ಟೇ ಬಗ್ಗಿಸಿಕೊಳ್ಳಿ; ಕಲ್ಲು, ಮರಳು ತಳದಲ್ಲಿ ಉಳಿಯುತ್ತದೆ. ಈ ಕೆಲಸದಲ್ಲಿ ಸೋಮಾರಿತನ ಮಾಡಿದರೆ ಸರಿಯಲ್ಲಿ ಕರಕರ. 8–10 ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಒದ್ದೆ ಬಟ್ಟೆಯಲ್ಲಿ ಕಟ್ಟಿ. ಬೇಸಿಗೆಯಲ್ಲಿ ಒಂದು ದಿನ, ಚಳಿಗಾಲದಲ್ಲಿ ಒಂದೂವರೆ ಎರಡು ದಿನ. ಆರು ಗಂಟೆಗೊಮ್ಮೆ ಬಟ್ಟೆಗೆ ನೀರು ಚಿಮುಕಿಸಿ. ಮೊಳಕೆ 3–5 ಮಿಲಿಮೀಟರ್ ಆದರೆ ಸಾಕು. ನೆರಳಲ್ಲಿ ತೆಳ್ಳಗೆ ಹರಡಿ ಒಣಗಿಸಿ, ಹಲ್ಲಲ್ಲಿ ಕಚ್ಚಿದರೆ ಟಕ್ ಅನ್ನಬೇಕು. ಕೈಯಲ್ಲಿ ಉಜ್ಜಿ ಬೇರಿನ ಎಳೆ ಉದುರಿಸಿ, ಕೇರಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿದು ಬೀಸಿ. ಹುಳಿ ವಾಸನೆ, ಲೋಳೆ, ಬೂದು ಬಣ್ಣದ ನೂಲು ಕಂಡರೆ ಇಡೀ ಕಟ್ಟು ಆಚೆ ಎಸೆಯಿರಿ. ತೊಳೆದರೆ ಹೋಗುತ್ತೆ ಅನ್ನುವ ಮಾತೇ ಇಲ್ಲ.

ಸರಿ ಕಾಯಿಸುವಾಗ ಗಂಟಾಗುವುದು ಯಾಕೆ ಅಂದರೆ, ಬಿಸಿನೀರಿಗೆ ಒಣ ಹಿಟ್ಟು ಬಿದ್ದ ಕೂಡಲೇ ಉಂಡೆಯ ಹೊರಗಿನ ಪಿಷ್ಟ ಬೆಂದು ಅಂಟಿನ ಪದರವಾಗುತ್ತದೆ, ಒಳಗೆ ನೀರು ಹೋಗುವುದಿಲ್ಲ. ಅದಕ್ಕೇ ಒಂದು ದೊಡ್ಡ ಚಮಚ ಹಿಟ್ಟನ್ನು ಮೊದಲು ಕಾಲು ಬಟ್ಟಲು ತಣ್ಣೀರಿನಲ್ಲಿ ಕದಡಿ, ಆಮೇಲೆ ಮುಕ್ಕಾಲು ಬಟ್ಟಲು ಬಿಸಿನೀರಿಗೆ ಸುರಿದು, ಕೈ ಬಿಡದೆ ತಿರುವುತ್ತಾ 5–7 ನಿಮಿಷ ಕುದಿಸಿ. ಬಣ್ಣ ಮಂಕಾಗಿದ್ದದ್ದು ಹೊಳಪಿಗೆ ಬಂದರೆ ಬೆಂದಿದೆ. ಚಮಚ ಓರೆ ಮಾಡಿದರೆ ಸರಿ ನಿಧಾನಕ್ಕೆ ಜಾರಬೇಕು. ನೀರಿನ ಹಾಗೆ ಸುರಿದರೆ ತೆಳು. ಆರಿದಾಗ ಇನ್ನೂ ಗಟ್ಟಿಯಾಗುತ್ತದೆ ಅನ್ನುವುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಇನ್ನೊಂದು. ಮೊಳಕೆ ಹಿಟ್ಟಿನ ಸರಿ ಮಾಮೂಲಿಗಿಂತ ತೆಳ್ಳಗಾದರೆ ಅಂಗಡಿಯವನು ಮೋಸ ಮಾಡಿದ ಅಂತ ಜಗಳಕ್ಕೆ ಹೋಗಬೇಡಿ. ಮೊಳಕೆಯಲ್ಲಿ ಅಮೈಲೇಸ್ ಅನ್ನುವ ಕಿಣ್ವ ಹುಟ್ಟಿ ಪಿಷ್ಟದ ಸರಪಳಿ ಕತ್ತರಿಸುತ್ತದೆ, ಅದಕ್ಕೆ ಸರಿ ಸಡಿಲ. ಇದು ಲಾಭವೇ: 7–8 ಕಿಲೋ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು 200–240 ಮಿಲಿ, ಅಷ್ಟರಲ್ಲೇ ಹೆಚ್ಚು ಹಿಟ್ಟು ಹಿಡಿಸಬಹುದು. ಜೋರಾಗಿ ಹುರಿದರೆ ಕಿಣ್ವ ಸಾಯುತ್ತದೆ. ಹಾಗಾಗಿ ಹುರಿಯದ ಮೊಳಕೆ ಹಿಟ್ಟು ಸ್ವಲ್ಪ ಬೇರೆ ಎತ್ತಿಡಿ. ಗಟ್ಟಿಯಾಗಿ ಕಾಯಿಸಿದ ಒಂದು ಬಟ್ಟಲು ಸರಿ ಕೊಂಚ ಆರಿ, ಇನ್ನೂ ಕೈಗೆ ಸುಡುವಷ್ಟು ಬಿಸಿಯಿರುವಾಗ ಆ ಹಿಟ್ಟು ಅರ್ಧ ಟೀ ಚಮಚ ಹಾಕಿ ತಿರುವಿ, ಐದು ನಿಮಿಷಕ್ಕೆ ಸಡಿಲವಾಗುತ್ತದೆ. ಹಸಿ ಹಿಟ್ಟಲ್ಲವೇ, ಮತ್ತೆ ಒಂದು ಕುದಿ ಬರಿಸಿ ಕೊಡಿ.

ಬೇಳೆಕಟ್ಟು:
ರಾಗಿ ಒಂದನ್ನೇ ಮೂರು ಹೊತ್ತೂ ಕೊಡಬೇಡಿ ಅಂತ ಸೇರಿಸಿ. ರಾಗಿಯ ಕಬ್ಬಿಣ ಪೂರ್ತಿ ಮೈಗೆ ಹತ್ತುವುದಿಲ್ಲ. ಬೇಳೆ, ಮೊಟ್ಟೆ, ತಿನ್ನುವವರಾದರೆ ಮೀನು ಮಾಂಸ ಬೇಕು. ಸೊಪ್ಪಿನ ಅನ್ನಕ್ಕೆ ಎರಡು ಹನಿ ನಿಂಬೆ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹೀರುತ್ತದೆ. ಟೀ ಅದಕ್ಕೆ ಉಲ್ಟಾ. ಬಸಿಯಲ್ಲಿ ಸುರಿದು ಬಿಸ್ಕತ್ತು ಅದ್ದಿ ಕೊಡುವ ಅಜ್ಜಂದಿರಿಗೆ ಪ್ರೀತಿಯಿಂದ ಹೇಳಿ.

ಗೋಧಿಹುಗ್ಗಿ:
ಇಷ್ಟೆಲ್ಲಾ ಅಳತಿ ಹೇಳಿದ್ರಿ, ಖರೇ ತ್ರಾಸ ಅದರಾಗ ಇಲ್ರೀ. ಬಟ್ಟಲಾ ಹಿಡಕೊಂಡು ಮಗುವಿನ ಹಿಂದ ಓಣಿ ತುಂಬ ಓಡಾಡ್ತೀವಲ್ಲ, ತ್ರಾಸ ಅಲ್ಲಿ ಐತಿ. “ಕಾಗಿ ಬಂತು ನೋಡು, ಬಾಯಿ ತಗಿ” ಅಂದ ಕೂಡ್ಲೇ ಮಗಾ ಕಾಗಿ ನೋಡತೈತಿ, ತುತ್ತ ಒಳಗ ಹೋಕ್ಕತಿ. ಹೊಟ್ಟಿ ತುಂಬೇತೋ ಇಲ್ಲೋ ಅದಕ್ಕ ಗೊತ್ತಾಗೂದಿಲ್ಲ. ಕಾಗಿ ಬದಲಿ ಈಗ ಮೊಬೈಲ್ ಬಂದೈತಿ, ಅಷ್ಟ ಫರಕ. ಕಾಗಿ ಒಂದ್ ತಾಸಿಗೆ ಹಾರಿ ಹೋಗತಿತ್ತು, ಮೊಬೈಲ್ ಹೋಗಂಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಾಗ ಹೇಳೇತಿ, ಎರಡು ವರ್ಷದ ಒಳಗಿನವಕ್ಕ ಪರದೆ ಬ್ಯಾಡಂತ.

ಹಿಂಗ ಮಾಡ್ರಿ. ಒಂದ ಜಾಗಾ ಠರಾಸ್ರಿ, ದಿನಾ ಅಲ್ಲೇ ಚಾಪಿ, ಅಲ್ಲೇ ಮಣಿ. ಮನಿಮಂದಿ ಉಣ್ಣು ಹೊತ್ತಿಗೇ ಅದನ್ನೂ ಕುಂದರಸ್ರಿ. ಊಟಕ್ಕ 20–30 ಮಿನಿಟ್, ಅದರ ಮ್ಯಾಲ ಎಳೀಬ್ಯಾಡ್ರಿ. ಊಟಾ ಇರಲಿ, ಸಣ್ಣ ತಿಂಡಿ ಇರಲಿ, ಒಂದಕ್ಕೂ ಮುಂದಿಂದಕ್ಕೂ ನಡುವ ಎರಡೂವರಿ, ಮೂರು ತಾಸು ನೀರು ಬಿಟ್ಟು ಏನೂ ಬ್ಯಾಡ. ಬಿಸ್ಕೀಟು, ಚುರುಮುರಿ, ಒಂದ್ ಗುಟುಕು ಹಾಲು ಅಂತ ಕೈಗೆ ಕೊಟ್ಕೋತ ಹೋದ್ರ ಹಸಿವಿ ಎಲ್ಲಿಂದ ಬರಬೇಕು? ಎದ್ದು ಹೊಂಟ್ರ ಒಂದ್ ಸಲ ಕರೀರಿ, ಬರಲಿಲ್ಲಂದ್ರ ತಾಟು ಎತ್ತಿ ಇಡ್ರಿ, ಸಿಟ್ಟಾಗದ. ಮೊದಲ ಮೂರ್ನಾಕ ದಿನಾ ರಂಪಾಟ ಆಗತೈತಿ. ಆಗ ಅಜ್ಜಿ ಗುಟ್ಟಾಗಿ ಬಾಳೆಹಣ್ಣು ತಿನಿಸಿದ್ರ ಮತ್ತ ಒಂದನೇ ದಿನಾ ಅಂತ ತಿಳಕೋರಿ. ಮಗಾ ಜಡ್ಡು ಬಿದ್ದಾಗ ಈ ಕಾನೂನೆಲ್ಲಾ ಬಿಟ್ಟಬಿಡ್ರಿ, ಆಗ ಕೇಳಿದಾಗ ಕೇಳಿದ್ದು.

ಕೈತುತ್ತು:
ಗೋಧಿಹುಗ್ಗಿಯವರೇ, ಕಾಗೆ ಗುಬ್ಬಿಗಳನ್ನು ಹೀಗೆ ಒಂದೇ ಏಟಿಗೆ ಓಡಿಸಬೇಡಿ. ಬೆಳದಿಂಗಳಲ್ಲಿ ಸೊಂಟದ ಮೇಲೆ ಕೂರಿಸಿಕೊಂಡು ಕೊಡುವ ತುತ್ತಿಗೂ ಮೊಬೈಲಿಗೂ ವ್ಯತ್ಯಾಸ ಇದೆ. ತುತ್ತು ಕೊಡುವವರು ಮಗುವಿನ ಮುಖ ನೋಡುತ್ತಿರುತ್ತಾರೆ, ಮಾತಾಡುತ್ತಿರುತ್ತಾರೆ, “ಅಲ್ಲಿ ಏನಿದೆ” ಅಂದರೆ ಮಗು ಬೆರಳು ತೋರಿಸುತ್ತದೆ. ಮಾತು ಕಲಿಯುವುದೇ ಇಂಥ ಹೊತ್ತಲ್ಲಿ. ಕೈಯಲ್ಲಿ ತಿನ್ನಿಸುವುದನ್ನೇ ಅಪರಾಧ ಮಾಡುವ ಹೊಸ ಫ್ಯಾಷನ್ ನನಗೆ ಒಪ್ಪಿಗೆಯಿಲ್ಲ. ಬೆರಳಿಗೆ ಬಿಸಿ ಗೊತ್ತಾಗುತ್ತದೆ, ಮುಳ್ಳು ಸಿಗುತ್ತದೆ, ಮೆಣಸಿನ ಚೂರು ಸಿಗುತ್ತದೆ. ಚಮಚಕ್ಕೆ ಇದ್ಯಾವುದೂ ಗೊತ್ತಿಲ್ಲ.

ಕೊಡುವ ರೀತಿ ಮುಖ್ಯ. ತುತ್ತನ್ನು ಬಾಯಿಯ ಹತ್ತಿರ ತಂದು ನಿಲ್ಲಿಸಿ, ಮಗು ತಾನೇ ಮುಂದೆ ಬಾಗಿ ಬಾಯಿ ತೆರೆದಾಗ ಕೊಡಿ. ನುಂಗಿದ್ದು ಖಾತ್ರಿಯಾಗುವ ತನಕ ಮುಂದಿನದು ಬೇಡ. ಮುಖ ತಿರುಗಿಸುವುದು, ತುಟಿ ಬಿಗಿಯುವುದು, ಬಟ್ಟಲು ತಳ್ಳುವುದು, ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಕೂರುವುದು, ಇವಿಷ್ಟೂ “ಸಾಕು”. ಎರಡೂ ಕೈ ತಟ್ಟಿ ತೋರಿಸುವ “ಸಾಕು” ಸನ್ನೆಯನ್ನು 9–10 ತಿಂಗಳಿಗೇ ಕಲಿಸಬಹುದು. ಕಲಿತ ಮಗು ತಟ್ಟೆ ಎಸೆಯುವುದು ಕಮ್ಮಿ. ಆದರೆ ಒಂದು ಷರತ್ತು, ಅದು “ಸಾಕು” ಅಂದಾಗ ನೀವು “ಇದೊಂದೇ ಒಂದು, ಕೊನೇ ತುತ್ತು” ಅನ್ನಬಾರದು. ಕೊನೇ ತುತ್ತು ಅಂತ ಐದು ತುತ್ತು ಹಾಕಿದರೆ ಸನ್ನೆಗೂ ಬೆಲೆ ಇಲ್ಲ, ಕೊನೆಗೂ ಬೆಲೆ ಇಲ್ಲ.

ಇನ್ನು “ಬೇಡ” ಅಂತ ಹೇಳಿ ಬಾಯಿ ತೆರೆಯುವುದು. ಒಂದೂವರೆ ವರ್ಷದ ಆಸುಪಾಸಿನಲ್ಲಿ “ಬೇಡ” ಅಂದರೆ ಮನೆಯೆಲ್ಲ ನಿಂತು ಕೇಳುತ್ತದೆ ಅಂತ ಗೊತ್ತಾಗಿರುತ್ತದೆ, ಅದನ್ನು ಬಳಸಿ ನೋಡುವ ಆಸೆ. ಅಂಥ ಹೊತ್ತಲ್ಲಿ “ಊಟ ಬೇಕಾ” ಅಂತ ಕೇಳುವುದೇ ತಪ್ಪು. “ಅನ್ನ ನೀಲಿ ಬಟ್ಟಲಲ್ಲಾ, ಸ್ಟೀಲ್ ಬಟ್ಟಲಲ್ಲಾ?” ಅಂತ ಕೇಳಿ. ಎರಡೇ ಆಯ್ಕೆ, ಮೂರು ಕೊಟ್ಟರೆ ಮೂರಕ್ಕೂ ಬೇಡ.

ಗೋಧಿಹುಗ್ಗಿ:
ಕಾಗಿಗೆ ಮಾಫಿ ಕೊಟ್ಟೆ. ಮೊಬೈಲಿಗೆ ಇಲ್ಲ.

ಊರುಬಿಟ್ಟವ:
ಒಳಲೆ (ಮಗುವಿಗೆ ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು) ಬಗ್ಗೆ ಯಾರೂ ಹೇಳಲಿಲ್ಲ. ಊರಿಂದ ಬೆಳ್ಳಿ ಒಳಲೆ ಕಳಿಸುತ್ತಾರೆ, ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿ ಸರಿ ಹುಯ್ಯುವುದು ಸರಿಯೇ?

ಮಡಿಲು:
ಸರಿಯಲ್ಲ. ಮಲಗಿದ ಮಗುವಿನ ಬಾಯಿಗೆ ಹುಯ್ದದ್ದು ನಾಲಿಗೆಯ ಹಿಡಿತಕ್ಕೆ ಸಿಗದೆ ನೇರ ಗಂಟಲಿಗೆ ಹೋಗುತ್ತದೆ, ಅತ್ತ ಕ್ಷಣದಲ್ಲಿ ಉಸಿರೆಳೆದರೆ ಶ್ವಾಸಕೋಶಕ್ಕೆ. ಅದರಲ್ಲೂ ಮೂಗು ಹಿಡಿದು ಹುಯ್ಯುವ ಪದ್ಧತಿ ಬಹಳ ಅಪಾಯ. ಒಳಲೆ ಎದೆಹಾಲು ಹಿಂಡಿ ಕೊಡುವುದಕ್ಕೆ ಒಳ್ಳೆಯದೇ: ಮಗುವನ್ನು ಒರಗಿಸಿ ತಲೆ ಎತ್ತರಕ್ಕೆ ಹಿಡಿದು, ಮೂತಿಯನ್ನು ಕೆಳತುಟಿಗೆ ತಾಗಿಸಿ, ಅದು ಹೀರಿದಷ್ಟೇ ಓರೆ ಮಾಡಬೇಕು. ಗಟ್ಟಿ ಆಹಾರಕ್ಕೆ ಮಗು ಕತ್ತು ನಿಲ್ಲಿಸಿ, ಆಸರೆಯಿದ್ದರೂ ನೆಟ್ಟಗೆ ಕೂತಿರಬೇಕು. ಆರು ತಿಂಗಳು ಕಾಯುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಅನ್ನಪ್ರಾಶನವನ್ನು ಐದನೇ ತಿಂಗಳಲ್ಲೇ ಮಾಡುವ ಮನೆಗಳಲ್ಲಿ ಪಾಯಸ ತುಟಿಗೆ ಸವರಿದರೆ ಸಾಕು, ದೇವರೂ ಒಪ್ಪುತ್ತಾನೆ. ಜೇನುತುಪ್ಪ ಮಾತ್ರ ಒಂದು ವರ್ಷದ ತನಕ ತುಟಿಗೂ ಬೇಡ. ಅದರಲ್ಲಿರಬಹುದಾದ, ಬಾಟ್ಯುಲಿಸಂ ರೋಗ ತರುವ ಬ್ಯಾಕ್ಟೀರಿಯಾದ ಬೀಜಕಣ ಪುಟ್ಟ ಮಗುವಿನ ಕರುಳಲ್ಲಿ ಬೆಳೆದು ವಿಷ ಮಾಡುತ್ತದೆ, ಕಾಯಿಸಿದರೂ ಆ ಬೀಜಕಣ ಸಾಯುವುದಿಲ್ಲ.

ಇಲ್ಲೇ ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಗಂಭೀರ ಮಾತಿಗೆ ಕ್ಷಮೆ ಇರಲಿ. ಉಬ್ಬಳಿಕೆ ಬೇರೆ, ಉಸಿರುಕಟ್ಟುವುದು ಬೇರೆ. ಉಬ್ಬಳಿಸುವಾಗ ಸದ್ದು ಇರುತ್ತದೆ, ಮುಖ ಕೆಂಪಾಗುತ್ತದೆ, ನಾಲಿಗೆ ಹೊರಬರುತ್ತದೆ, ಕಣ್ಣಲ್ಲಿ ನೀರು, ಆಮೇಲೆ ತುತ್ತು ಹೊರಗೆ, ಮಗು ಮತ್ತೆ ನಗುತ್ತದೆ. ಆಗ ಸುಮ್ಮನೆ ಕಾಯಿರಿ. ಉಸಿರುಕಟ್ಟಿದರೆ ಸದ್ದೇ ಇಲ್ಲ. ಅಳು ಇಲ್ಲ, ಕೆಮ್ಮು ಇಲ್ಲ, ತುಟಿ ನೀಲಿ. ಆಗ ಒಂದು ವರ್ಷದ ಒಳಗಿನ ಮಗುವನ್ನು ಮುಂಗೈ ಮೇಲೆ ಬೋರಲು, ತಲೆ ಕೆಳಗೆ ಬರುವಂತೆ ಹಿಡಿದು, ಎರಡು ಭುಜದ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಏಟು. ಹೋಗದಿದ್ದರೆ ಅಂಗಾತ ತಿರುಗಿಸಿ ಎದೆ ಮಧ್ಯದ ಮೂಳೆಯ ಕೆಳ ಅರ್ಧದ ಮೇಲೆ ಒಂದು ಕೈಯ ಅಂಗೈ ಬುಡದಿಂದ 5 ಒತ್ತು. ಹೊರಬರುವ ತನಕ ಇದನ್ನೇ ಮತ್ತೆ ಮತ್ತೆ. ಒಂದು ವರ್ಷ ಮೀರಿದ್ದರೆ ಮುಂದಕ್ಕೆ ಬಗ್ಗಿಸಿ ಬೆನ್ನಿಗೆ 5, ಆಮೇಲೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗದಲ್ಲಿ ಒಳಗೂ ಮೇಲಕ್ಕೂ 5 ಒತ್ತು. ಮತ್ತೊಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದ ತುತ್ತಿಗೆ ಬಾಯೊಳಗೆ ಬೆರಳು ಹಾಕಿ ಕೆದಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಮಗು ಪ್ರಜ್ಞೆ ತಪ್ಪಿದರೆ ಏಟು ನಿಲ್ಲಿಸಿ ಸಿಪಿಆರ್ (ಎದೆ ಒತ್ತುತ್ತಾ ಬಾಯಿಂದ ಉಸಿರು ಕೊಡುವುದು) ಶುರು ಮಾಡಬೇಕು. ಓದಿದರೆ ಕೈಗೆ ಬರುವ ವಿದ್ಯೆ ಅಲ್ಲ ಇದು, ಪ್ರಥಮ ಚಿಕಿತ್ಸೆ ತರಬೇತಿಯಲ್ಲಿ ಗೊಂಬೆಯ ಮೇಲೆ ಮಾಡಿ ನೋಡಿ.

ನಮ್ಮ ಮನೆಗಳಲ್ಲಿ ಕಾಯುತ್ತಿರುವ ಅಪಾಯಗಳು: ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಒಬ್ಬಟ್ಟಿನ ದಿನದ ತೆಂಗಿನ ಹೋಳು, ಸೀತಾಫಲದ ಬೀಜ, ನೇರಳೆ ಬೀಜ, ಕೋಡುಬಳೆ ಚೂರು. ಇಡೀ ಬೀಜಗಳು ನಾಲ್ಕೈದು ವರ್ಷದ ತನಕ ಬೇಡ, ಪುಡಿ ಮಾಡಿ ಕೊಡಿ. ದ್ರಾಕ್ಷಿಯನ್ನು ಅಡ್ಡಕ್ಕಲ್ಲ, ಉದ್ದಕ್ಕೆ ನಾಲ್ಕು ಸೀಳು. ಅಡ್ಡ ಕತ್ತರಿಸಿದ ಬಿಲ್ಲೆ ಶ್ವಾಸನಾಳಕ್ಕೆ ಬಿರಡೆ ಹಾಕಲು ಸರಿಯಾದ ಗಾತ್ರ.

ಬಯಲುಸೀಮೆ_ರಾಗಿ:
ಮುದ್ದೆಯನ್ನೂ ಸೇರಿಸಿ. ದೊಡ್ಡವರು ಅಗಿಯದೆ ನುಂಗುವುದನ್ನು ನೋಡಿ ಮಗುವೂ ನುಂಗಲು ಹೋಗುತ್ತದೆ, ಇಲ್ಲ ಅಗಿಯಲು ಹೋಗಿ ಅಂಗುಳಕ್ಕೆ ಅಂಟಿಸಿಕೊಂಡು ಕಣ್ಣು ಕಣ್ಣು ಬಿಡುತ್ತದೆ. ಒಂದೂವರೆ ವರ್ಷದ ಹೊತ್ತಿಗೆ ಮೆತ್ತಗೆ ತೊಳಸಿದ ಮುದ್ದೆಯಲ್ಲಿ ಕಡಲೆಕಾಳಿನಷ್ಟು ಕಿತ್ತು, ಖಾರವಿಲ್ಲದ ಬಸ್ಸಾರಿನಲ್ಲಿ ಚೆನ್ನಾಗಿ ಮುಳುಗಿಸಿ, ಬೆರಳಲ್ಲಿ ಕಿವುಚಿ ಕೊಡಿ.

ಊರುಬಿಟ್ಟವ:
ಧನ್ಯವಾದ. ಇಲ್ಲಿ ಯೂರೋಪಿನಲ್ಲಿ ಮನೆಯ ಬಿಸಿ 20 ಡಿಗ್ರಿ. ರಾಗಿ ಮೊಳಕೆ ಎರಡು ದಿನವಾದರೂ ಕಣ್ಣು ಬಿಡಲ್ಲ ಅನ್ನುವವರಿಗೆ: ಒವನ್ ಹೊತ್ತಿಸದೆ, ಒಳಗಿನ ದೀಪ ಮಾತ್ರ ಹಾಕಿ, ಕಟ್ಟನ್ನು ಅಲ್ಲಿಡಿ. ಬೆಚ್ಚಗಾಗುತ್ತದೆ, ಒಂದು ದಿನದಲ್ಲಿ ಮೊಳಕೆ. ಒವನ್ ಬಾಗಿಲಿಗೆ ಚೀಟಿ ಅಂಟಿಸಿ, ಇಲ್ಲದಿದ್ದರೆ ಇನ್ನೊಬ್ಬರು ಪಿಜ್ಜಾಗೆ 220 ಹಚ್ಚಿಬಿಡುತ್ತಾರೆ. ಒಣಗಿಸಲು ಹೀಟರ್ ಹತ್ತಿರದ ಕುರ್ಚಿ ಮೇಲೆ ತೆಳ್ಳಗೆ ಹರಡಿ, ದಪ್ಪ ಹರಡಿದರೆ ಅಡಿಯಲ್ಲಿ ಬೂಷ್ಟು.

ಡೇಕೇರಿನಲ್ಲಿ ತಾನೇ ಚಮಚ ಹಿಡಿದು ತಿನ್ನುವ ಎರಡು ವರ್ಷದ ಮಗು ಮನೆಗೆ ಬಂದು “ಅಮ್ಮಾ ತಿನ್ಸು” ಅಂತ ಬಾಯಿ ತೆರೆದು ಕೂರುವುದನ್ನು ಸೋಮಾರಿತನ ಅಂತ ಬೈಯುವ ಪೋಷಕರು ಇಲ್ಲಿ ಬಹಳ. ದಿನವಿಡೀ ಅಪರಿಚಿತ ಭಾಷೆಯಲ್ಲಿ ಜಾಣನಾಗಿ ಇದ್ದು ಬಂದದ್ದು ಮನೆಯಲ್ಲಿ ಮಗುವಾಗಬೇಕಲ್ಲ. ಮೊದಲ ಐದು ತುತ್ತು ನೀವು ತಿನ್ನಿಸಿ, ಹಾಗೇ ಚಮಚವನ್ನು ಅದರ ಕೈಗೆ ದಾಟಿಸಿ. ಬಹಳ ಸಲ ಅದಕ್ಕೆ ಗೊತ್ತೇ ಆಗುವುದಿಲ್ಲ.

ತಟ್ಟೆಲೋಟ:
ಕೈಗೆ ಕೊಡುವ ತುಂಡಿನ ಗಾತ್ರ ಯಾರೂ ಹೇಳಿಲ್ಲ. 7–8 ತಿಂಗಳಿಗೆ ಮಗು ಅಂಗೈ ಪೂರ್ತಿ ಮುಚ್ಚಿ ಹಿಡಿಯುತ್ತದೆ, ಆದ್ದರಿಂದ ನಿಮ್ಮ ಬೆರಳಿನಷ್ಟು ಉದ್ದದ ತುಂಡು ಬೇಕು, ಮುಷ್ಟಿಯಿಂದ ಮೇಲೆ ಚಾಚಿಕೊಂಡಿರುವ ಭಾಗವನ್ನು ತಿನ್ನುತ್ತದೆ: ಇಡ್ಲಿಯ ಉದ್ದ ಹೋಳು, ಬೆಂದ ಗೆಣಸು, ಬೆಂದ ಕ್ಯಾರೆಟ್. 9–10 ತಿಂಗಳಿಗೆ ಹೆಬ್ಬೆರಳು, ತೋರುಬೆರಳು ಜೋಡಿಯಾಗುತ್ತವೆ, ಆಗ ಬಟಾಣಿ ಗಾತ್ರದ ಮೆತ್ತನೆ ಚೂರು. ಆ ವಾರಗಳಲ್ಲಿ ನೆಲದ ಮೇಲಿನ ಪ್ರತಿ ಸಾಸಿವೆಯೂ ಸತ್ತ ಇರುವೆಯೂ ಮಗುವಿಗೆ ಸಿಗುತ್ತದೆ, ಗುಡಿಸುವವರು ಗಮನಿಸಿ. ಮೆತ್ತಗಿದೆಯೋ ಇಲ್ಲವೋ ಪರೀಕ್ಷೆ: ನಿಮ್ಮ ಎರಡು ಬೆರಳ ನಡುವೆ ಹಗುರಾಗಿ ಒತ್ತಿದರೆ ಹಿಸುಕಬೇಕು.

ಎಡಗೈ ಬಗ್ಗೆ ಖಾಸಗಿ ಸಂದೇಶದಲ್ಲಿ ಕೇಳಿದ್ದಾರೆ. ಯಾವ ಕೈ ಅನ್ನುವುದು ಎರಡು ಮೂರು ವರ್ಷಕ್ಕೆ ಕಾಣಲು ಶುರುವಾಗುತ್ತದೆ, ಗಟ್ಟಿಯಾಗುವುದು ಇನ್ನೂ ತಡ. ಅಲ್ಲಿಯವರೆಗೆ ಎರಡೂ ಕೈಯಲ್ಲಿ ಉಣ್ಣುವುದು ಸಹಜ. ಚಮಚವನ್ನು ತಟ್ಟೆಯ ನಡುವೆ ಇಡಿ, ಮಗುವೇ ಆರಿಸಲಿ. ಕೈಗೆ ಹೊಡೆಯುವುದು, ಕಟ್ಟಿಹಾಕುವುದು ಬೇಡ. ಆದರೆ ಒಂದು ವರ್ಷಕ್ಕೂ ಮುಂಚೆ ಒಂದೇ ಕೈ ಬಳಸಿ ಇನ್ನೊಂದು ಕೈ ಮುಷ್ಟಿ ಕಟ್ಟಿ ಸುಮ್ಮನೆ ಇದ್ದರೆ ಡಾಕ್ಟರಿಗೆ ತೋರಿಸಿ.

ಮಡಿಲು:
ನಿನ್ನೆ ತಿಂದದ್ದು ಇವತ್ತು ವಿಷ ಅನ್ನುವ ವಯಸ್ಸು ಒಂದೂವರೆಯಿಂದ ಎರಡು ವರ್ಷಕ್ಕೆ ಬರುತ್ತದೆ. ಹೊಸ ಬಣ್ಣ, ಹೊಸ ಆಕಾರ ಕಂಡರೆ ಅನುಮಾನ, ಉಪ್ಪಿಟ್ಟಿನಲ್ಲಿ ಒಂದು ಕರಿಬೇವು ಕಂಡರೆ ಇಡೀ ಉಪ್ಪಿಟ್ಟು ಬಹಿಷ್ಕಾರ. ಒಂದು ತರಕಾರಿ ಒಪ್ಪಿಗೆಯಾಗಲು ಎಂಟು ಹತ್ತು ಸಲ, ಕೆಲವಕ್ಕೆ ಹದಿನೈದು ಸಲ ತಟ್ಟೆಯಲ್ಲಿ ಕಾಣಬೇಕಾಗುತ್ತದೆ. ನಮ್ಮವರು ಮೂರನೇ ಸಲಕ್ಕೆ “ಇದಕ್ಕೆ ಬೀನ್ಸ್ ಆಗಲ್ಲ” ಅಂತ ತೀರ್ಪು ಕೊಟ್ಟುಬಿಡುತ್ತಾರೆ. ಕೊಡುವುದು ಒಂದು ಚಮಚದಷ್ಟೇ ಇರಲಿ, ಇಷ್ಟದ ತಿಂಡಿಯ ಪಕ್ಕದಲ್ಲಿ ಇರಲಿ, “ತಿನ್ನು” ಅನ್ನದೆ ನೀವು ತಿನ್ನಿ. ಮುಟ್ಟಿದರೂ, ಮೂಸಿದರೂ, ನೆಕ್ಕಿ ಉಗಿದರೂ ಅದು ಲೆಕ್ಕಕ್ಕೆ ಬಂತು. ಬೀನ್ಸ್ ತಿಂದರೆ ಚಾಕಲೇಟ್ ಅನ್ನಬೇಡಿ. ಬೀನ್ಸ್ ಕೆಟ್ಟದ್ದು, ಚಾಕಲೇಟ್ ಒಳ್ಳೆಯದು ಅಂತ ನೀವೇ ಕಲಿಸಿದಂತೆ.

ಕೈತುತ್ತು:
ಮೂಗಿಗೆ ಅನ್ನ ಒರೆಸುವ ವಿಷಯ ಮೊದಲ ಸಾಲಲ್ಲೇ ಬರಬೇಕಿತ್ತು, ಕೊನೆಗೆ ಉಳಿಯಿತು. ಒಂದು ವರ್ಷದ ಸುತ್ತಮುತ್ತ ಮಗು ತನ್ನ ಬಾಯಿಂದ ತೆಗೆದ ನೆಂದ ಬಿಸ್ಕತ್ತನ್ನು ನಿಮ್ಮ ಬಾಯಿಗೆ ಹಿಡಿಯುತ್ತದೆ. ಗುರಿ ತಪ್ಪಿ ಮೂಗಿಗೆ, ಗಲ್ಲಕ್ಕೆ. ಕೊಡುವಾಗ ಅದರ ಬಾಯಿಯೂ “ಆ” ಅಂತ ತೆರೆಯುತ್ತದೆ, ನೋಡಿ. ಅದು ನಿಮ್ಮಿಂದ ಕಲಿತದ್ದು: ಮಕ್ಕಳಿಗೆ ತಿನ್ನಿಸುವ ದೊಡ್ಡವರು ತಮಗೆ ಗೊತ್ತಿಲ್ಲದೆಯೇ ತುತ್ತಿನ ಜೊತೆ ತಮ್ಮ ಬಾಯಿಯನ್ನೂ ತೆರೆಯುತ್ತಾರೆ. ಒಂದೂವರೆ ವರ್ಷಕ್ಕೆ ಇದೇ ಆಟ ಗೊಂಬೆಗೆ, ನಾಯಿಗೆ, ಕೆಲವು ಸಲ ಫ್ಯಾನಿಗೆ. ಖಾಲಿ ಬಟ್ಟಲಿಂದ ಇಲ್ಲದ ಅನ್ನ ತೆಗೆದು ಊದಿ ಆರಿಸಿ ಕೊಡುತ್ತದೆ. ಆ ಊದುವುದು ಕಲ್ಪನೆ ಮೂಡಿದ ಗುರುತು.

ಆ ಬಿಸ್ಕತ್ತನ್ನು ತಿನ್ನಲೇಬೇಕಾ? ತಿಂದ ಹಾಗೆ ನಟಿಸಿದರೂ ನಡೆಯುತ್ತದೆ, “ಚೀ” ಅಂದರೆ ಮಾತ್ರ ಕೊಡುವುದನ್ನೇ ನಿಲ್ಲಿಸುತ್ತದೆ. ನಿಮಗೆ ಶೀತ, ಬಾಯಿಹುಣ್ಣು ಇದ್ದಾಗ ಅದೇ ತುಂಡು ಮಗುವಿನ ಬಾಯಿಗೆ ವಾಪಸ್ ಹೋಗದ ಹಾಗೆ ನೋಡಿಕೊಳ್ಳಿ. ಎರಡು ವರ್ಷದ ಮೇಲೆ ಇದೇ ಆಸೆಯನ್ನು ಕೆಲಸಕ್ಕೆ ತಿರುಗಿಸಬಹುದು: ಎಲ್ಲರ ತಟ್ಟೆಗೆ ಒಂದೊಂದು ಸೌತೆಕಾಯಿ ಹೋಳು ಬಡಿಸುವುದು, ಲೋಟ ಜೋಡಿಸುವುದು. ಬಡಿಸಿದ ಮಗು ತಾನೂ ಒಂದು ಹೋಳು ಕಚ್ಚುತ್ತದೆ.

ಕಡಲತಡಿ:
ಎಲ್ಲ ಸರಿ, ಈ ಅರಿಶಿನದ ಕಲೆ ಹೋಗುವುದು ಹೇಗೆ ಮಾರಾಯ್ರೆ? ಬಿಳಿ ಅಂಗಿಗೆ ಸೋಪು ಹಾಕಿದರೆ ಕೆಂಪಾಗ್ತದೆ.

ಗೋಧಿಹುಗ್ಗಿ:
ಸೋಪಿನ ಕ್ಷಾರಕ್ಕ ಅರಿಶಿಣ ಕೆಂಪ ಆಗೂದು ಅದರ ಗುಣಾ, ಹೆದರಬ್ಯಾಡ್ರಿ. ಮೊದಲ ಪಾತ್ರಿ ತಿಕ್ಕೂ ಲಿಕ್ವಿಡ್ ಎರಡ ಹನಿ ಹಾಕಿ ತುಪ್ಪದ ಜಿಡ್ಡು ತಗೀರಿ, ತಣ್ಣೀರಾಗ ಹಿಂಡ್ರಿ, ಹಸಿ ಇದ್ದಾಗನ ಸುಡುಬಿಸಿಲಿಗೆ ಹಾಕ್ರಿ. ಬಿಸಿಲಿಗೆ ಅರಿಶಿಣದ ಬಣ್ಣ ಒಡೀತೈತಿ, ಎರಡು ಮೂರು ಬಿಸಿಲಿಗೆ ಮಾಯ. ಬಾಳೆಹಣ್ಣಿನ ಕಲಿ ಬ್ಯಾರೆ, ಅದು ಗಾಳಿಗೆ ಕರ್ರಗಾಗತೈತಿ, ಬಿದ್ದ ಕೂಡ್ಲೇ ತಣ್ಣೀರಾಗ ತೊಳೀಬೇಕು. ರಾಗಿ ಸರಿ ಒಣಗಿ ಹತ್ಕೊಂಡಿದ್ರ ಮೊದಲ ಚಮಚದ ತುದಿಲೇ ಕೆರದು, ಆಮ್ಯಾಲ ನೆನಿ ಹಾಕ್ರಿ.

ತಟ್ಟೆಲೋಟ:
ನೆಲದ ಅನ್ನಕ್ಕೆ ಉಲ್ಟಾ. ಹಸಿಯಿದ್ದಾಗ ಒರೆಸಿದರೆ ನೆಲವೆಲ್ಲಾ ಗಂಜಿ. ಇರುವೆ ಕಾಟ ಇಲ್ಲದ ಮನೆಯಾದರೆ ಎರಡು ಗಂಟೆ ಒಣಗಲು ಬಿಟ್ಟು ಪೊರಕೆಯಲ್ಲಿ ಗುಡಿಸಿ. ಇರುವೆ ಇದ್ದರೆ ಊಟಕ್ಕೆ ಮುಂಚೆಯೇ ಕುರ್ಚಿ ಅಡಿಗೆ ಹಳೇ ಪಂಚೆ ಹಾಸಿ, ಆಮೇಲೆ ನಾಲ್ಕೂ ಮೂಲೆ ಹಿಡಿದು ಹಿತ್ತಲಲ್ಲಿ ಕೊಡವಿ. ಗೋಧಿಹುಗ್ಗಿಯವರ ಕಾಗೆಗೂ ಊಟ ಆಯಿತು.